ಹೋಮೋಸಿಸ್ಟೀನ್ 15 ದಾಟಿದರೆ

ಪುಣೆಯ ಮಧ್ಯಮವರ್ಗದ ಗಂಡಸರಲ್ಲಿ ನೂರಕ್ಕೆ 79 ಮಂದಿಯ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಮಿತಿ ಮೀರಿತ್ತು. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರ ತಂಡ 2006ರಲ್ಲಿ ಪ್ರಕಟಿಸಿದ ಲೆಕ್ಕವಿದು. ಹಳ್ಳಿಯವರು, ಕೊಳೆಗೇರಿಯವರು, ಮಧ್ಯಮವರ್ಗದವರು ಸೇರಿ 441 ಗಂಡಸರನ್ನು ಪರೀಕ್ಷಿಸಿದಾಗ ಉಂಡುಟ್ಟು ಚೆನ್ನಾಗಿದ್ದವರ ವರದಿಯೇ ಎಲ್ಲರಿಗಿಂತ ಕೆಟ್ಟದಾಗಿತ್ತು. ಅದಕ್ಕೆ ದೊಡ್ಡ ಕಾರಣ ಬಿ12 ಕೊರತೆ, ಅದರಲ್ಲೂ ಸಸ್ಯಾಹಾರಿಗಳಲ್ಲಿ.

ಹೋಮೋಸಿಸ್ಟೀನ್ ಎಂಬ ಹೆಸರು ಆಗ ಡಾಕ್ಟರುಗಳ ಬಾಯಲ್ಲಷ್ಟೇ ಇತ್ತು. ಈಗ ಕೋಥರೂಡಿನ ಡಹಾಣೂಕರ್ ಕಾಲನಿಯಲ್ಲೋ ಪೌಡ್ ರಸ್ತೆಯ ಸೊಸೈಟಿಗಳಲ್ಲೋ ಬೆಳಗ್ಗೆ ಏಳಕ್ಕೆ ಮನೆಗೇ ಬಂದು ರಕ್ತ ತೆಗೆಯುವ ಲ್ಯಾಬುಗಳ ‘ಹಾರ್ಟ್ ಪ್ಯಾಕೇಜಿ’ನಲ್ಲಿ ಅದೂ ಒಂದು ಸಾಲು. ಸಂಜೆ ಮೊಬೈಲಿಗೆ ವರದಿ ಬರುತ್ತದೆ. 15 ದಾಟಿದ್ದರೆ ದಪ್ಪ ಅಕ್ಷರ. ಮಗನ ಮನೆಯಲ್ಲಿರುವ ಧಾರವಾಡದ ಕಾಕಾ ಒಬ್ಬರು ಫೋನನ್ನು ನನ್ನ ಮೂಗಿಗೇ ಹಿಡಿದರು: “ಎಲ್ಲಾ ನಾರ್ಮಲ್ ಅದ, ಇದೊಂದ 28 ಬಂದದ ನೋಡ್ರಿ. ರಕ್ತನಾಳದ ಒಳಗಿನ ಪದರ ಹಾಳಾಗೇದ ಅಂತೇನು ಇದರ ಅರ್ಥ?”

ಹೌದೆನ್ನಲು ಆಧಾರವಿಲ್ಲದೆ ಇಲ್ಲ. ರಕ್ತನಾಳದ ಒಳಪದರ ಒಂದೇ ಒಂದು ಕೋಶದಷ್ಟು ದಪ್ಪ. ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ನಾಳವನ್ನು ಸಡಿಲವಾಗಿಡುವುದು, ರಕ್ತ ಅಲ್ಲಲ್ಲೇ ಹೆಪ್ಪುಗಟ್ಟದಂತೆ ತಡೆಯುವುದು ಅದರ ಕೆಲಸ. ಕೊಬ್ಬು ಶೇಖರವಾಗಿ ಬ್ಲಾಕ್ ಆಗುವ ಎಷ್ಟೋ ವರ್ಷ ಮೊದಲೇ ಈ ಪದರ ಕೆಡತೊಡಗುತ್ತದೆ. ಹೋಮೋಸಿಸ್ಟೀನ್ ವಿಪರೀತ ಏರುವ ಹುಟ್ಟುರೋಗವಿದ್ದ ಮಕ್ಕಳ ರಕ್ತನಾಳಗಳು ಮುದುಕರ ನಾಳಗಳಂತೆ ಗಡಸಾಗಿದ್ದುದನ್ನು ಅಮೆರಿಕದ ಕಿಲ್ಮರ್ ಮೆಕ್ಕಲ್ಲಿ 1969ರಲ್ಲೇ ಬರೆದಿದ್ದರು. ಕೊಲೆಸ್ಟರಾಲ್ ಸರಿಯಿದ್ದರೂ ಹೃದಯಾಘಾತವಾಗುವವರು ನಮ್ಮಲ್ಲಿ ಕಡಿಮೆಯಿಲ್ಲ. ಹಾಗಿರುವಾಗ ಮೊದಲೇ ಎಚ್ಚರಿಸುವ ಗುರುತೊಂದು ಸಿಕ್ಕರೆ ಬೇಡವೆನ್ನುವುದು ಹೇಗೆ?

ತೊಡಕಿರುವುದು ಮುಂದೆ. ಗುರುತು ಇಳಿದರೆ ರೋಗವೂ ಇಳಿಯಬೇಕಲ್ಲ? 2006ರಲ್ಲೇ ಹೋಪ್-2 ಅಧ್ಯಯನ 5,522 ರೋಗಿಗಳ ಫಲಿತಾಂಶ ಕೊಟ್ಟಿತು. ಫೋಲಿಕ್ ಆಸಿಡ್, ಬಿ6, ಬಿ12 ಸೇರಿಸಿ ಕೊಟ್ಟಾಗ ಹೋಮೋಸಿಸ್ಟೀನ್ ಇಳಿಯಿತು, ಹೃದಯಾಘಾತ ಇಳಿಯಲಿಲ್ಲ. ಪಾರ್ಶ್ವವಾಯು ಮಾತ್ರ ಕೊಂಚ ಕಡಿಮೆಯಾಯಿತು. ಅದೇ ವರ್ಷ ನಾರ್ವೆಯ ಅಧ್ಯಯನವೂ ಲಾಭ ಕಾಣಲಿಲ್ಲ. ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿದ್ದಾಗ 2015ರಲ್ಲಿ ಚೀನಾದಿಂದ ಬೇರೆ ಸುದ್ದಿ ಬಂತು. ಬಿಪಿ ಇರುವ 20,702 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಬಿಪಿ ಮಾತ್ರೆಯ ಜೊತೆ ಫೋಲಿಕ್ ಆಸಿಡ್ ಕೊಟ್ಟಾಗ ಪಾರ್ಶ್ವವಾಯು ಶೇ. 3.4ರಿಂದ 2.7ಕ್ಕೆ ಇಳಿದಿತ್ತು. ಆಹಾರದಲ್ಲಿ ಫೋಲೇಟ್ (ಫೋಲಿಕ್ ಆಸಿಡ್‌ನ ಸಹಜ ರೂಪ) ಕಡಿಮೆ ಇರುವ ನಾಡಿನಲ್ಲಿ ಅದನ್ನು ಕೊಟ್ಟರೆ ಲಾಭ ಕಾಣುತ್ತದೆ ಎಂದು ಇದನ್ನು ಓದಬಹುದು. ಆದರೆ ಪುಣೆಯ ಕೊರತೆ ಫೋಲೇಟಿನದಲ್ಲ. ಯಾಜ್ಞಿಕರ ತಂಡವೇ ಸುತ್ತಲ ಹಳ್ಳಿಗಳ ಗರ್ಭಿಣಿಯರನ್ನು ನೋಡಿದಾಗ ಮೂರರಲ್ಲಿ ಎರಡು ಪಾಲು ಹೆಂಗಸರಿಗೆ ಬಿ12 ಕಡಿಮೆ. ಫೋಲೇಟ್ ಕೊರತೆ ಇದ್ದದ್ದು ಒಬ್ಬರಿಗೆ. ಫೋಲೇಟ್ ಹೆಚ್ಚಿದ್ದು ಬಿ12 ಕಡಿಮೆಯಿದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೆ ಇನ್ಸುಲಿನ್ ಪ್ರತಿರೋಧ ಎಲ್ಲರಿಗಿಂತ ಜಾಸ್ತಿಯಿತ್ತು. ಹೋಮೋಸಿಸ್ಟೀನ್ ಹೆಚ್ಚಿದೆಯೆಂದು ಬರೀ ಫೋಲಿಕ್ ಆಸಿಡ್ ನುಂಗುವವರು ಇದನ್ನು ನೆನಪಿಡಬೇಕು. ಬಿ12 ಕೊರತೆಯ ರಕ್ತಹೀನತೆ ಅದರಿಂದ ಮರೆಯಾದರೂ ನರಗಳ ಹಾನಿ ಒಳಗೊಳಗೇ ನಡೆಯುತ್ತಿರುತ್ತದೆ.

ಒಳಪದರದ ಹಾನಿಯನ್ನು ಇನ್ನೂ ನೇರವಾಗಿ ತೋರಿಸುವ ಗುರುತುಗಳೂ ಇವೆ. ವಾನ್ ವಿಲ್ಲೆಬ್ರ್ಯಾಂಡ್ ಎಂಬ ಪ್ರೋಟೀನನ್ನು ಈ ಕೋಶಗಳೇ ಕೂಡಿಟ್ಟುಕೊಂಡಿದ್ದು, ಪೆಟ್ಟು ಬಿದ್ದಾಗ ರಕ್ತಕ್ಕೆ ಬಿಡುತ್ತವೆ. ಆದರೆ ಓ ಗುಂಪಿನ ರಕ್ತದವರಲ್ಲಿ ಅದು ಹುಟ್ಟಿನಿಂದಲೇ ಕಡಿಮೆ. ಬಸಿರು, ಜ್ವರ, ವಯಸ್ಸು, ಕೊನೆಗೆ ಜೋರಾಗಿ ಮೆಟ್ಟಿಲು ಹತ್ತಿ ಬಂದರೂ ಏರುತ್ತದೆ. ಇಂಥದ್ದನ್ನು ಆರೋಗ್ಯವಂತರ ಪ್ಯಾಕೇಜಿಗೆ ಸೇರಿಸುವುದು ನನಗಂತೂ ಒಪ್ಪಿಗೆಯಿಲ್ಲ. ಹಾಗೆಂದು ಕೆಲಸಕ್ಕೆ ಬಾರದ್ದೂ ಅಲ್ಲ. ಟಿಟಿಪಿ ಎಂಬ ಅಪರೂಪದ ಕಾಯಿಲೆಯಲ್ಲಿ ಇದೇ ಪ್ರೋಟೀನನ್ನು ಕತ್ತರಿಸುವ ಕಿಣ್ವದ ಚಟುವಟಿಕೆ ಶೇ. 10ಕ್ಕಿಂತ ಕೆಳಗಿದೆಯೇ ಎಂಬುದರ ಮೇಲೆ ರೋಗನಿರ್ಣಯವೇ ನಿಂತಿದೆ.

ಮನೆಯಲ್ಲಿ ರಕ್ತ ಕೊಡುವವರಿಗೆ ಇನ್ನೊಂದು ಮಾತು. ತೆಗೆದ ರಕ್ತದಲ್ಲಿ ಕೆಂಪು ಕಣಗಳು ಬದುಕಿಯೇ ಇರುತ್ತವೆ. ಹೋಮೋಸಿಸ್ಟೀನನ್ನು ಹೊರಹಾಕುತ್ತಲೇ ಇರುತ್ತವೆ. ಪ್ಲಾಸ್ಮಾ ಬೇರ್ಪಡಿಸದೆ, ಐಸ್ ಇಲ್ಲದೆ ಬಿಟ್ಟರೆ ಗಂಟೆಗೆ ಸುಮಾರು ಶೇ. 10ರಷ್ಟು ಏರುತ್ತದೆ. ರಕ್ತ ತೆಗೆಯುವ ಹುಡುಗ ನಾಲ್ಕು ಮನೆ ಮುಗಿಸಿ, ಕರ್ವೆ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತು ಲ್ಯಾಬ್ ಮುಟ್ಟುವಷ್ಟರಲ್ಲಿ 13 ಇದ್ದದ್ದು 16 ಆದರೆ ಅದು ಯಾರ ರಕ್ತನಾಳದ ತಪ್ಪೂ ಅಲ್ಲ.

ಕಾಕಾರ 28 ಅಷ್ಟರಿಂದ ಆದದ್ದಲ್ಲ ಅನ್ನಿ. ಸಸ್ಯಾಹಾರಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರು. ಆ ಮಾತ್ರೆಯೂ ಬಿ12 ಇಳಿಸುತ್ತದೆ. ಹಾಗಾದರೆ ಬಿ12 ಪರೀಕ್ಷೆಯೊಂದೇ ಸಾಲದೇ ಎಂದು ವಾದಿಸುವವರಿದ್ದಾರೆ, ಅದು ಅಗ್ಗವೂ ಹೌದು. ಆದರೆ ರಕ್ತದಲ್ಲಿರುವ ಬಿ12 ಎಲ್ಲವೂ ಕೋಶಗಳಿಗೆ ದಕ್ಕುವುದಿಲ್ಲ. ಅಂಕಿ ಗಡಿಯಲ್ಲಿದ್ದಾಗ ಹೋಮೋಸಿಸ್ಟೀನ್ ನೋಡಿದರೆ ಕೊರತೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಕಿಡ್ನಿ ಸೋತಿದ್ದರೂ, ಥೈರಾಯ್ಡ್ ಕಡಿಮೆಯಿದ್ದರೂ ಅದು ಏರುವುದರಿಂದ ಕ್ರಿಯಾಟಿನಿನ್, ಟಿಎಸ್‌ಎಚ್ ಪಕ್ಕದಲ್ಲಿಟ್ಟೇ ಓದಬೇಕು. ಪುಣೆಯಲ್ಲಿ ಈ ಪರೀಕ್ಷೆಗೆ ಬೆಲೆಯಿರುವುದು ಪೋಷಣೆಯ ಗುರುತಾಗಿ, ಹೃದಯದ ಭವಿಷ್ಯ ಹೇಳುವುದಕ್ಕಲ್ಲ ಎಂಬುದು ನನ್ನ ಲೆಕ್ಕ. ಬಿ12 ಕೊರತೆ ತುಂಬಿಕೊಟ್ಟರೆ ನಮ್ಮವರ ಹೃದಯಾಘಾತವೂ ತಗ್ಗೀತೇ ಎಂಬುದಕ್ಕೆ ಬೇರೆ ದೇಶಗಳ ಆ ಅಧ್ಯಯನಗಳು ಹೌದು-ಅಲ್ಲ ಎರಡನ್ನೂ ಹೇಳಲಾರವು.

ಕಾಕಾಗೆ ಹೇಳಿದ್ದು ಡಾಕ್ಟರನ್ನು ಕೇಳಿ ಬಿ12 ಶುರುಮಾಡಿ ಎಂದು. ಜೊತೆಗೆ ಮೂತ್ರದ ಆಲ್ಬುಮಿನ್ ಪರೀಕ್ಷೆ. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಮಾಡಿಸಲೇಬೇಕಾದದ್ದು ಅದು. ಕಿಡ್ನಿಯಷ್ಟೇ ಅಲ್ಲ, ಮೈಯ ರಕ್ತನಾಳಗಳೆಲ್ಲ ಸೋರತೊಡಗಿರುವುದಕ್ಕೂ ಅದು ಸೂಚನೆ ಎಂದು ಡೆನ್ಮಾರ್ಕಿನ ಸ್ಟೆನೋ ಆಸ್ಪತ್ರೆಯವರು 1989ರಲ್ಲೇ ವಾದಿಸಿದ್ದರು. ಕಾಕಾರ ಪ್ಯಾಕೇಜಿನಲ್ಲಿ ಅದೊಂದೇ ಇರಲಿಲ್ಲ.