ವಿಚ್ಛೇದನ ಮತ್ತು ವಕೀಲರ ಫೀಜು

ವಿಚ್ಛೇದನಕ್ಕೆಂದು ವಕೀಲರ ಕಚೇರಿಗೆ ಹೋದವರು ಮನೆಯ ಜಗಳವನ್ನೆಲ್ಲ ತೋಡಿಕೊಳ್ಳುತ್ತಾರೆ. ಫೀಜಿನ ಮಾತನ್ನು ಮಾತ್ರ ಸಂಕೋಚದಿಂದ ನುಂಗಿಕೊಳ್ಳುತ್ತಾರೆ. ಪೇಚಾಟ ಶುರುವಾಗುವುದೇ ಅಲ್ಲಿಂದ.

ಇಡೀ ಕೇಸಿಗೆ ಇಷ್ಟೆಂದು ಕೆಲವರು ಮಾತಾಡುತ್ತಾರೆ, ವಾಯಿದೆಗಿಷ್ಟು ಎಂದು ಕೆಲವರು. ಗಂಡ ಹೆಂಡತಿ ಇಬ್ಬರೂ ಒಪ್ಪಿ ಹಾಕುವ ಅರ್ಜಿಗೆ ಮೊದಲನೆಯದೇ ವಾಸಿ. ಜಟಾಪಟಿಯ ಕೇಸಿನಲ್ಲಿ ವಾಯಿದೆಯ ಲೆಕ್ಕಕ್ಕೆ ಒಪ್ಪಿದರೆ, ಎದುರು ಪಕ್ಷದವರು ಬಾರದೆ ಮುಂದಕ್ಕೆ ಹೋದ ದಿನಕ್ಕೂ ಹಣ ತೆರಬೇಕಾದೀತು! ಮಧ್ಯಂತರ ಅರ್ಜಿಗಳೂ ಅದರಲ್ಲೇ ಸೇರಿವೆಯೇ ಎಂದು ಮೊದಲೇ ಕೇಳಿ ಬರೆಸಿಕೊಳ್ಳಬೇಕು.

“ಈಗೇನೂ ಬೇಡಮ್ಮ, ಜೀವನಾಂಶ ಬಂದಾಗ ನೂರಕ್ಕೆ ಹತ್ತು ಕೊಡಿ” ಎನ್ನುವವರೂ ಉಂಟು. ಕೈಯಲ್ಲಿ ಕಾಸಿಲ್ಲದವಳಿಗೆ ಅದು ಉಪಕಾರದಂತೆಯೇ ಕಾಣುತ್ತದೆ. ಆದರೆ ಗೆಲುವನ್ನು ನೋಡಿಕೊಂಡು ಫೀಜು ಗೊತ್ತುಮಾಡುವುದನ್ನೂ, ಬಂದ ಹಣದಲ್ಲಿ ಪಾಲು ಪಡೆಯುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಫೀಜು ಬಾಕಿಯೆಂದು ವಕೀಲರು ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲೇ ತೀರ್ಪು ಕೊಟ್ಟಿದೆ.

ಹಣವೇ ಇಲ್ಲದಿದ್ದರೆ? ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಂತೆ, ಸಾಕಷ್ಟು ವರಮಾನವಿಲ್ಲದ ಹೆಂಡತಿ (ಗಂಡನೂ ಸರಿ) ಕೇಸಿನ ಖರ್ಚನ್ನು ಎದುರು ಪಕ್ಷದಿಂದ ಕೊಡಿಸಿರೆಂದು ನ್ಯಾಯಾಲಯವನ್ನು ಕೇಳಬಹುದು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಪ್ರಕಾರ ಅಲ್ಲಿ ವಕೀಲರನ್ನಿಡುವುದು ಹಕ್ಕೂ ಅಲ್ಲ, ಕಡ್ಡಾಯವೂ ಅಲ್ಲ; ಕಕ್ಷಿದಾರರು ತಾವೇ ನಿಂತು ಮಾತಾಡಬಹುದು. ಅಷ್ಟು ಧೈರ್ಯ ಎಲ್ಲರಿಗೂ ಎಲ್ಲಿಂದ ಬರಬೇಕು! 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರಿಗೆ, ವರಮಾನ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಕೇಸಿನಲ್ಲಿ ಮೇಲ್ನೋಟಕ್ಕೆ ಹುರುಳಿದ್ದರಾಯಿತು. ಅರ್ಜಿಯನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕೊಡಬಹುದು.