ಬಣ್ಣದ ಹೊಲ

ಈ ಸಂಚಿಕೆಯ ಮುಖಪುಟ ನೋಡಿ ‘ಮುದ್ರಣ ದೋಷ ಆಗಿದೆ’ ಎಂದು ಫೋನು ಮಾಡಲಿರುವವರು ಒಂದು ಗಳಿಗೆ ತಡೆಯಬೇಕು. ಮೇಲೆ ಮುಕ್ಕಾಲು ಪಾಲು ಕೆಂಪು, ಕೆಳಗೆ ಕಾಲು ಪಾಲು ಕಪ್ಪು, ನಡುವೆ ತುಸು ಕದಡಿದ ಅಂಚು. ಇಷ್ಟೇ. ಪ್ರೂಫ್ ತಂದ ಹುಡುಗ ಅದನ್ನು ಮೇಜಿನ ಮೇಲೆ ಹರವಿ, ‘ಸರ್, ಇದರಾಗ ಫೋಟೋ ಎಲ್ಲಿ ಕೂಡಿಸೋದು?’ ಎಂದು ಕೇಳಿದ. ಇದೇ ಮುಖಪುಟ ಎಂದಾಗ ಅವನು ಏನೂ ಅನ್ನಲಿಲ್ಲ. ಆದರೆ ಬಿಲ್ಲಿನಲ್ಲಿ ವಿನ್ಯಾಸದ ಖರ್ಚು ಹಾಕುವುದೋ ಬಿಡುವುದೋ ಎಂದು ಯೋಚಿಸುತ್ತಿದ್ದಂತೆ ಕಂಡಿತು.

ಒಳಗಿನ ಮುಖ್ಯ ಲೇಖನವನ್ನು ಬರೆದವರು ಬರೀ ಬಣ್ಣದ ಇಂಥ ಚಿತ್ರಗಳ ಪಂಥಕ್ಕೆ ‘ವರ್ಣಕ್ಷೇತ್ರ ಚಿತ್ರಕಲೆ’ ಎಂದು ಹೆಸರಿಟ್ಟಿದ್ದಾರೆ. ಪಾರಿಭಾಷಿಕವಾಗಿ ತಪ್ಪಿಲ್ಲ. ಆದರೆ ಕ್ಷೇತ್ರ ಅಂದರೆ ನನ್ನ ಕಿವಿಗೆ ಮೊದಲು ಗುಡಿಯ ಗಂಟೆ ಕೇಳುತ್ತದೆ, ಆಮೇಲೆ ಶಾಸಕರ ಭಾಷಣ. ಇಂಗ್ಲಿಷಿನಲ್ಲಿ ಅಲ್ಲಿ ಇರುವುದು ‘ಫೀಲ್ಡ್’, ಹೊಲಕ್ಕೂ ಸಲ್ಲುವ ಸಾದಾ ಶಬ್ದ. ನಾನು ಬಬಲೇಶ್ವರ ಭಾಗದ ನಿಡೋಣಿಯವ. ‘ಬಣ್ಣದ ಹೊಲ’ ಅಂದರೆ ನನಗೆ ಕೂಡಲೇ ಕಣ್ಣಿಗೆ ಕಟ್ಟುತ್ತದೆ. ಲೇಖಕರು ಒಪ್ಪಲಿಲ್ಲ, ಅವರ ಲೇಖನದಲ್ಲಿ ಅವರ ಶಬ್ದವೇ ಇದೆ. ಈ ಪುಟ ನನ್ನದು, ಇಲ್ಲಿ ಹೊಲ.

ನಮ್ಮ ಎರಿಹೊಲ ಮಳೆ ಬಿದ್ದ ಮರುದಿನ ಒಂದು ಕಪ್ಪು, ಕುಂಟೆ ಹೊಡೆದ ಮೇಲೆ ಇನ್ನೊಂದು ಕಪ್ಪು, ಬ್ಯಾಸಗಿಯಲ್ಲಿ ಬಿರುಕು ಬಿಟ್ಟಾಗ ಬೂದಿಗೆ ತಿರುಗಿದ ಮತ್ತೊಂದು ಕಪ್ಪು. ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೆ ಬಂದರೆ ಹಸಿರು. ಅದರ ನಡುವೆ ಅಕ್ಕಡಿ ಸಾಲಿನಲ್ಲಿ ಕುಸುಬಿ ಹೂ ಬಿಟ್ಟರೆ ಹಳದಿಯ ಗೆರೆ, ಬಾಡುತ್ತ ಬಂದಾಗ ಅದೇ ಗೆರೆ ಕೇಸರಿಗೆ ತಿರುಗುತ್ತದೆ. ಗುಡ್ಡವಿಲ್ಲ, ದಟ್ಟ ಕಾಡಿಲ್ಲ. ಈಗ ದ್ರಾಕ್ಷಿ ಬಂದು, ತಿಕೋಟಾ ಕಡೆ ಮಣೂಕ ಒಣಗಿಸುವ ಶೆಡ್ಡುಗಳ ಹಸಿರು ಪರದೆಗಳು ಎದ್ದು ನೋಟ ಬದಲಾಗಿದೆ. ಆದರೂ ನಿಂತು ನೋಡಿದರೆ ಕಣ್ಣಿಗೆ ಸಿಗುವುದು ಅಗಲವಾದ ಒಂದು ಬಣ್ಣ, ಅದಕ್ಕೆ ತಾಗಿದ ಇನ್ನೊಂದು ಬಣ್ಣ.

ಇಲ್ಲಿಗೆ ನಿಲ್ಲಿಸಿ ‘ನೋಡಿ, ನಮ್ಮಲ್ಲಿ ಇದು ಮೊದಲೇ ಇತ್ತು’ ಎಂದುಬಿಡುವುದು ಸಂಪಾದಕರಿಗೆ ಬಹಳ ಸುಲಭದ ದಾರಿ. ಅದಕ್ಕೆ ಪುರಾವೆಯನ್ನೂ ಒದಗಿಸಬಹುದು. ಹದಿನೇಳನೆಯ ಶತಮಾನದ ದಖ್ಖನಿನಲ್ಲಿ, ನಮ್ಮ ವಿಜಯಪುರದ್ದೇ ಎಂದು ಅನೇಕ ವಿದ್ವಾಂಸರು ಊಹಿಸುವ ‘ಅಬ್ರಿ’ ಚಿತ್ರಗಳಿವೆ. ದಪ್ಪ ಮಾಡಿದ ನೀರಿನ ಮೇಲೆ ಬಣ್ಣ ತೇಲಿಬಿಟ್ಟು, ಅದರ ಮೇಲೆ ಕಾಗದ ಹಾಸಿ ಎತ್ತಿದ ಚಿತ್ರಗಳು. ಬಣ್ಣ ತಾನೇ ಹರಿದು ತಾನೇ ನಿಂತದ್ದು. ಆದರೆ ಅಲ್ಲಿ ಆ ಮೋಡದಂಥ ಬಣ್ಣ ಕೊನೆಗೆ ಬಡಕಲು ಕುದುರೆಯೊಂದರ ಮೈಯಾಗುತ್ತದೆ. ಬಣ್ಣಕ್ಕೆ ಏನಾದರೂ ಆಗಲೇಬೇಕಿತ್ತು. ಏನೂ ಆಗದೆ ಬಣ್ಣ ಬಣ್ಣವಾಗಿಯೇ ಇರಲಿ ಎಂದು ಬಿಟ್ಟವರು ಕಳೆದ ಶತಮಾನದ ನಡುವಿನ ನ್ಯೂಯಾರ್ಕಿನವರು. ಆ ಶ್ರೇಯ ಅವರಿಗೆ ಸಲ್ಲಬೇಕು.

ಕಳೆದ ಎಳ್ಳಮಾಸಿಗೆ ಊರಿಗೆ ಹೋದಾಗ ಚೀಲದಲ್ಲಿ ಆ ನ್ಯೂಯಾರ್ಕಿನವರಲ್ಲಿ ಒಬ್ಬನಾದ ಮಾರ್ಕ್ ರಾಥ್ಕೋನ ಚಿತ್ರಗಳ ಒಂದು ಪುಸ್ತಕವಿತ್ತು. ಚರಗ ಚೆಲ್ಲಿ, ಬುತ್ತಿ ಬಿಚ್ಚಿ, ಸಜ್ಜಿ ರೊಟ್ಟಿ ಮುರಿಯುತ್ತ ಕೂತಿದ್ದೆವು. ಚಿಗವ್ವ ಪುಸ್ತಕ ಇಸಿದುಕೊಂಡು ಹಾಳೆ ತಿರುವಿದಳು. ಕೆಂಪಿನ ಮೇಲೆ ಕಂದು ತೇಲುತ್ತಿದ್ದ ಒಂದು ಪುಟಕ್ಕೆ ನಿಂತು, ‘ಇದು ಬರೇ ಒಡಲ ಐತಲ್ಲೋ ತಮ್ಮಾ, ಸೆರಗ ಎಲ್ಲಿ ಹೋತು?’ ಅಂದಳು. ನಾನು ನಕ್ಕೆ. ಆಮೇಲೆ ಬಸ್ಸಿನಲ್ಲಿ ಕೂತು ಯೋಚಿಸಿದರೆ, ಈ ಪಂಥದ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನೇ ಅವಳು ಕೇಳಿದ್ದಳು.

ಅವಳು ಉಟ್ಟಿದ್ದು ಇಳಕಲ್ಲ ಸೀರೆ. ಮೊಳಗಟ್ಟಲೆ ಒಂದೇ ಹಸಿರು ಬಣ್ಣದ ಒಡಲು, ಎರಡು ಕಡೆ ದಡಿ, ಕೊನೆಗೆ ಕೆಂಪು–ಬಿಳಿಯ ತೋಪು ತೆನಿ ಸೆರಗು. ಒಡಲಿನ ಹಾಸು ಮುಗಿದು ಸೆರಗಿನ ಹಾಸು ಶುರುವಾಗುವಲ್ಲಿ ನೇಕಾರರು ಒಂದೊಂದೇ ಎಳೆಯ ಕುಣಿಕೆಗೆ ಇನ್ನೊಂದರ ಕುಣಿಕೆ ಸಿಕ್ಕಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಹೀಗಾಗಿ ಸೀರೆಗೊಂದು ಹಾಸು ಬೇರೆಯೇ ಹೂಡಬೇಕು. ಕೊಂಡಿಯನ್ನು ಕಣ್ಣಿಗೆ ಹತ್ತಿರ ಹಿಡಿದರೆ ಅಲ್ಲಿ ಗೆರೆಯೇ ಇಲ್ಲ. ಹಸಿರು ಕೆಂಪಿನೊಳಗೆ, ಕೆಂಪು ಹಸಿರಿನೊಳಗೆ ಬೆರಳು ಹೆಣೆದ ಹಾಗೆ ಕೂತಿವೆ. ದೂರ ಸರಿದರೆ ಗೆರೆ ತಾನಾಗಿ ಮೂಡುತ್ತದೆ.

ಎರಡು ಬಣ್ಣ ಎಲ್ಲಿ, ಹೇಗೆ ಕೂಡುತ್ತವೆ ಎಂಬುದೇ ಬಣ್ಣದ ಹೊಲದವರ ಜೀವಮಾನದ ತಲೆನೋವು. ಬಾರ್ನೆಟ್ ನ್ಯೂಮನ್ 1948ರಲ್ಲಿ ತನ್ನ ಹುಟ್ಟುಹಬ್ಬದ ದಿನ ಒಂದು ಸಣ್ಣ ಕ್ಯಾನ್ವಾಸಿಗೆ ಕಂದುಗೆಂಪು ಬಳಿದು, ನಡುವೆ ಅಂಟಿಸಿದ್ದ ಟೇಪಿನ ಮೇಲೆ ಹೊಳಪಿನ ಕೆಂಪು ಎಳೆದ. ಟೇಪು ಕಿತ್ತು ಚಿತ್ರ ಮುಗಿಸಬೇಕಿತ್ತು. ಕೀಳಲಿಲ್ಲ. ಎಂಟು ತಿಂಗಳು ಅದನ್ನೇ ನೋಡುತ್ತ ಕೂತ. ಮುಂದೆ ಅವನು ‘ಝಿಪ್’ ಎಂದು ಕರೆದ ಲಂಬ ಗೆರೆ ಹುಟ್ಟಿದ್ದು ಹೀಗೆ. ಮೂರು ವರ್ಷದೊಳಗೆ ಎಂಟು ಅಡಿ ಎತ್ತರ, ಹದಿನೆಂಟು ಅಡಿ ಅಗಲದ ಕೆಂಪು ಚಿತ್ರ ಬರೆದು, ಪ್ರದರ್ಶನದ ಗೋಡೆಗೆ ಒಂದು ಚೀಟಿ ಅಂಟಿಸಿದ: ದೊಡ್ಡ ಚಿತ್ರಗಳನ್ನು ದೂರ ನಿಂತು ನೋಡುವುದು ವಾಡಿಕೆ, ಇವನ್ನು ಹತ್ತಿರ ನಿಂತು ನೋಡಬೇಕು ಎಂಬ ಅರ್ಥದ್ದು. ಹತ್ತಿರ ನಿಂತರೆ ಅಂಚುಗಳು ಕಣ್ಣಿನ ಆಚೆ ಹೋಗುತ್ತವೆ, ನೀವು ಹೊಲದೊಳಗೆ ಇರುತ್ತೀರಿ. ರಾಥ್ಕೋನದು ಬೇರೆ ಹಾದಿ. ಅವನ ಬಣ್ಣದ ಆಯತಗಳಿಗೆ ಅಂಚೇ ಗಟ್ಟಿಯಿಲ್ಲ, ತೆಳು ಪದರದ ಮೇಲೆ ತೆಳು ಪದರ, ಉಸಿರು ತಾಗಿದ ಕನ್ನಡಿಯ ಹಾಗೆ. ತನ್ನನ್ನು ಬಣ್ಣಗಾರ ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಮನುಷ್ಯನ ದುಃಖ, ಭಯ, ಆನಂದ ತನ್ನ ವಿಷಯ ಎಂದು ವಾದಿಸುತ್ತಿದ್ದ.

1952ರಲ್ಲಿ 23ರ ಹುಡುಗಿ ಹೆಲೆನ್ ಫ್ರಾಂಕೆಂಥಾಲರ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟಳು. ಕ್ಯಾನ್ವಾಸಿಗೆ ಅಸ್ತರು ಹಚ್ಚದೆ, ಕೋರಾ ಬಟ್ಟೆಯನ್ನೇ ನೆಲಕ್ಕೆ ಹಾಸಿ, ಟರ್ಪಂಟೈನಿನಲ್ಲಿ ನೀರಾಗಿಸಿದ ಎಣ್ಣೆಬಣ್ಣ ಸುರಿದಳು. ಬಣ್ಣ ಬಟ್ಟೆಯ ಮೇಲೆ ನಿಲ್ಲಲಿಲ್ಲ, ಒಳಗೆ ಇಳಿಯಿತು. ಮರುವರ್ಷ ವಾಷಿಂಗ್ಟನ್ನಿನಿಂದ ಮಾರಿಸ್ ಲೂಯಿಸ್, ಕೆನೆತ್ ನೋಲೆಂಡ್ ಬಂದು ಆ ಚಿತ್ರ ನೋಡಿ, ಊರಿಗೆ ಮರಳಿ ತಮ್ಮ ಕೆಲಸವನ್ನೇ ಬದಲಿಸಿಕೊಂಡರು. ಬಣ್ಣ ಹಚ್ಚುವುದಕ್ಕೂ ಬಣ್ಣ ಕುಡಿಸುವುದಕ್ಕೂ ಇರುವ ಅಂತರ ಇಳಕಲ್ಲಿನ ಬಣ್ಣದ ಗುಂಡಿಯ ಮುಂದೆ ನಿಂತವರಿಗೆ ಬಿಡಿಸಿ ಹೇಳಬೇಕಿಲ್ಲ.

‘ಇದನ್ನು ನಾನೂ ಬಳಿಯುತ್ತೇನೆ’ ಎನ್ನುವವರ ಮಾತನ್ನೂ ಕೇಳಬೇಕು. ಕೆನಡಾದ ರಾಷ್ಟ್ರೀಯ ಗ್ಯಾಲರಿ ನ್ಯೂಮನ್ನನ ಎರಡು ನೀಲಿ, ಒಂದು ಕೆಂಪು ಪಟ್ಟೆಯ ಚಿತ್ರವನ್ನು ಸುಮಾರು 18 ಲಕ್ಷ ಡಾಲರಿಗೆ ಕೊಂಡ ಸುದ್ದಿ 1990ರಲ್ಲಿ ಹೊರಬಿದ್ದಾಗ ದೇಶದಲ್ಲೆಲ್ಲ ಗದ್ದಲವೆದ್ದಿತು. ಅಲ್ಲಿಯ ರೈತನೊಬ್ಬ ಪ್ಲೈವುಡ್ ಮೇಲೆ ಅಂಥದೇ ಚಿತ್ರ ಬಳಿದು ನಿಲ್ಲಿಸಿದ. ನನಗೆ ಆ ರೈತನ ಮೇಲೆ ಪ್ರೀತಿಯಿದೆ. ಅವನು ಕೊನೇಪಕ್ಷ ಬಳಿದು ನೋಡಿದ. ನಮ್ಮ ಅನೇಕ ವಿಮರ್ಶಕರು ಅಷ್ಟನ್ನೂ ಮಾಡುವುದಿಲ್ಲ.

ನಮ್ಮ ದೇಶದಲ್ಲಿ ಈ ಹೊಲವನ್ನು ಯಾರು ಉತ್ತರು? ಚಿತ್ರಕಾರ ಎಸ್.ಎಚ್. ರಝಾ 1962ರಲ್ಲಿ ಬರ್ಕ್ಲಿಯಲ್ಲಿ ಪಾಠ ಹೇಳಲು ಹೋದಾಗ ರಾಥ್ಕೋನ ಕೃತಿಗಳನ್ನು ಕಂಡು ಬೆರಗಾದರು. ಆದರೆ ಅವರ ದಾರಿ ಬಿಂದುವಿನ ಕಡೆ ತಿರುಗಿತು. ನಿಜವಾಗಿ ಹತ್ತಿರದವರು ವಿ.ಎಸ್. ಗಾಯ್ತೊಂಡೆ. ನಾಗಪುರದಲ್ಲಿ 1924ರಲ್ಲಿ ಹುಟ್ಟಿದ, ಮೂಲತಃ ಗೋವೆಯ ಮನೆತನದ, ಮುಂಬೈಯ ಜೆ.ಜೆ. ಶಾಲೆಯಲ್ಲಿ ಕಲಿತ ಮಿತಭಾಷಿ. 1964ರಲ್ಲಿ ರಾಕ್‌ಫೆಲರ್ ಫೆಲೋಶಿಪ್ ಮೇಲೆ ನ್ಯೂಯಾರ್ಕಿಗೆ ಹೋಗಿಬಂದರು. ರೋಲರಿನಿಂದ ಬಣ್ಣ ಹಾಯಿಸುವುದು, ಕಾಗದದ ಚೂರು ಒತ್ತಿ ಎತ್ತುವುದು, ಮತ್ತೆ ಹಾಯಿಸುವುದು. ವರ್ಷಕ್ಕೆ ಬೆರಳೆಣಿಕೆಯ ಚಿತ್ರ. ಅವರನ್ನು ಅಮೆರಿಕದವರ ಬಾಲ ಎಂದು ಕರೆಯುವುದು ತಪ್ಪು. ಅವರ ಬಣ್ಣ ಹೊಲಕ್ಕಿಂತ ಕೆರೆಯ ಹಾಗೆ, ತಳದಲ್ಲಿ ಏನೋ ಕದಲುತ್ತದೆ. ಅವರು ತೀರಿಕೊಂಡ ಮೇಲೆ, 2015ರಲ್ಲಿ, ಅವರ ಒಂದು ಚಿತ್ರ ಮುಂಬೈ ಹರಾಜಿನಲ್ಲಿ 29 ಕೋಟಿ ದಾಟಿತು. ಬದುಕಿದ್ದಾಗ ದೆಹಲಿಯಲ್ಲಿ ಮಾಳಿಗೆಯ ಮೇಲಿನ ಒಂದು ಬರಸಾತಿ ಕೋಣೆಯಲ್ಲಿದ್ದರು.

ಕನ್ನಡದ ಕಲಾವಿದರು ಮಾತ್ರ ಇಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಳೆಯ ವಿಜಾಪುರ ಜಿಲ್ಲೆಯದೇ ಆದ ಬಾದಾಮಿಯಲ್ಲಿ ಹುಟ್ಟಿದ ಆರ್.ಎಂ. ಹಡಪದ ಬೆಂಗಳೂರಿನಲ್ಲಿ ಕೆನ್ ಕಲಾ ಶಾಲೆ ಕಟ್ಟಿ ಒಂದು ತಲೆಮಾರಿಗೆ ಆಧುನಿಕ ಕಲೆಯ ಬಾಗಿಲು ತೆರೆದರು. ಅಲ್ಲೇ ಕಲಿತ ಜೆ.ಎಂ.ಎಸ್. ಮಣಿ ಬಾದಾಮಿಯ ಜನರನ್ನು ಬರೆದಾಗ ಹಿನ್ನೆಲೆಯ ಗಾಢ ಬಣ್ಣ ಗೋಡೆಯಂತೆ ನಿಲ್ಲುತ್ತದೆ. ಅದರ ಮುಂದೆ ರುಮಾಲಿನವನೋ ಸೀರೆಯುಟ್ಟವಳೋ ಬಂದೇ ಬರುತ್ತಾರೆ. ನಮಗೆ ಹೊಲ ಕಂಡರೆ ಅದರಲ್ಲಿ ಆಳು ಬೇಕು. ಚಿಗವ್ವ ಸೆರಗು ಕೇಳಿದ್ದೂ ಅದಕ್ಕೇ: ಒಡಲು ಇರುವುದು ಒಬ್ಬರು ಉಡಲಿಕ್ಕೆ, ಹೊಲ ಇರುವುದು ಬೆಳೆಯಲಿಕ್ಕೆ. ಯಾರೂ ಉಡದ, ಏನೂ ಬೆಳೆಯದ ಬಣ್ಣದ ಮುಂದೆ ನಿಲ್ಲುವ ವ್ಯವಧಾನ ನನಗೂ ತಡವಾಗಿ ಬಂತು. ಅದು ಸೋಮಾರಿಗಳ ಚಟ ಎಂಬ ಗುಮಾನಿ ಇವತ್ತಿಗೂ ಪೂರ್ತಿ ಹೋಗಿಲ್ಲ.

ಇನ್ನು ಮುಖಪುಟದ ಕೆಂಪು. ಮೂರು ಸಲ ಪ್ರೂಫ್ ತೆಗೆಸಿದೆ, ಮೂರು ಸಲವೂ ಇಟ್ಟಂಗಿಯಾಗಿ ಬಂತು. ಭೂತಗನ್ನಡಿ ಹಿಡಿದರೆ ಅಲ್ಲಿ ಕೆಂಪೇ ಇಲ್ಲ. ರಾಣಿ ಬಣ್ಣದ ಚುಕ್ಕೆ, ಹಳದಿ ಚುಕ್ಕೆ, ಅಲ್ಲಲ್ಲಿ ಕಪ್ಪು. ರಾಥ್ಕೋನ ಪದರಗಳನ್ನು ಇದರಲ್ಲಿ ಅಚ್ಚು ಹಾಕುತ್ತೇವೆ ಎಂದರೆ ಸುಳ್ಳು ಹೇಳಿದಂತೆ. ಅದಕ್ಕೇ ಅವನ ಚಿತ್ರ ಹಾಕದೆ ಕಚೇರಿಯಲ್ಲೇ ಎರಡು ಬಣ್ಣ ಕೂಡಿಸಿದೆವು.

ಅವನದೇ ಕೆಂಪೂ ಉಳಿದಿಲ್ಲ. ಹಾರ್ವರ್ಡಿನ ಒಂದು ಊಟದ ಕೋಣೆಗೆಂದು ಅವನು ಬರೆದ ಐದು ದೊಡ್ಡ ಚಿತ್ರಗಳು 1964ರಲ್ಲಿ ಗೋಡೆಗೇರಿದವು. ಕಿಟಕಿಯ ಬಿಸಿಲಿಗೆ ಅವನು ಬೆರೆಸಿದ್ದ ಒಂದು ಅಗ್ಗದ ಕೆಂಪು ಪುಡಿ ತಾಳಲಿಲ್ಲ, ನಮ್ಮ ಕುಸುಬಿ ಹೂವಿನಿಂದ ತೆಗೆದ ಕೆಂಪಿನ ಹಾಗೆ ಹಾರಿಹೋಯಿತು. 1979ರ ಹೊತ್ತಿಗೆ ಅವನ್ನು ಇಳಿಸಿ ಒಳಗಿಟ್ಟರು. 2014ರಲ್ಲಿ ಮತ್ತೆ ತೂಗುಹಾಕಿದಾಗ ಚಿತ್ರಕ್ಕೆ ಕೈ ಹಚ್ಚಲಿಲ್ಲ; ಕಳೆದುಹೋದ ಬಣ್ಣವನ್ನು ಲೆಕ್ಕ ಹಾಕಿ, ಅಷ್ಟೇ ಬಣ್ಣದ ಬೆಳಕನ್ನು ಪ್ರೊಜೆಕ್ಟರಿನಿಂದ ಅದರ ಮೇಲೆ ಬಿಟ್ಟರು. ದಿನಾ ಸಂಜೆ ನಾಲ್ಕಕ್ಕೆ ಅದನ್ನು ಆರಿಸುತ್ತಿದ್ದರು. ಆಗ ಗೋಡೆಯ ಮೇಲೆ ಬಿಸಿಲು ತಿಂದುಳಿದದ್ದು ಕಾಣುತ್ತಿತ್ತು.

ಈ ಸಂಚಿಕೆಯನ್ನು ಕಿಟಕಿಯ ಪಕ್ಕ ಇಡಬೇಡಿ. ಬಸ್ ಸ್ಟ್ಯಾಂಡಿನ ಗೋಡೆಯ ಹಳೆಯ ಸಿನಿಮಾ ಪೋಸ್ಟರುಗಳನ್ನು ನೋಡಿರುತ್ತೀರಿ: ಮೊದಲು ಹೋಗುವುದು ಹಳದಿ ಮತ್ತು ಕೆಂಪು, ಉಳಿಯುವುದು ನೀಲಿ ಮುಖಗಳು. ನಮ್ಮದರಲ್ಲಿ ನೀಲಿಯನ್ನೂ ಹಾಕಿಲ್ಲ.