ವಾರಸುದಾರರಿಲ್ಲದ ಚೀಲ
2024ರ ಮಾರ್ಚ್ 1ರ ಮಧ್ಯಾಹ್ನ ಬೆಂಗಳೂರಿನ ಕುಂದಲಹಳ್ಳಿಯ ರಾಮೇಶ್ವರಂ ಕೆಫೆಗೆ ಟೊಪ್ಪಿ ಧರಿಸಿ ಬಂದವನೊಬ್ಬನು ರವೆ ಇಡ್ಲಿಯನ್ನು ಕೊಂಡು, ಕೈತೊಳೆಯುವೆಡೆಯಲ್ಲಿ ಚೀಲವೊಂದನ್ನಿರಿಸಿ ನಿರ್ಗಮಿಸಿದ ಸುಮಾರು ಗಂಟೆಯೊಂದರ ತರುವಾಯ ಅದು ಸ್ಫೋಟಿಸಿತಷ್ಟೆ; 2008ರಲ್ಲಿಯೇ ಮಡಿವಾಳದ ಬಸ್ ತಂಗುದಾಣದಲ್ಲಿ ಇಂಥ ದುರಂತವನ್ನು ಕಂಡ ದಕ್ಷಿಣ ಬೆಂಗಳೂರಿಗೆ ಈ ಭೀತಿಯು ಅಪೂರ್ವವಾದುದಲ್ಲ. ಏಕಾಕಿಯೆಂದು ತೋರಿದ ಆತನ ಬೆನ್ನಿಗೆ ಸಂಚುಗಾರನೊಬ್ಬನಿದ್ದನೆಂದು ಆರೋಪಿಸಿದ ರಾಷ್ಟ್ರೀಯ ತನಿಖಾ ದಳ (ಎನ್‌ಐಎ), ಕ್ಯಾಮೆರಾಗಳ ಹಾಗೂ ಬಿಸುಟ ಟೊಪ್ಪಿಯ ಜಾಡು ಹಿಡಿದು, ಏಪ್ರಿಲ್ 12ರಂದು ಇಬ್ಬರನ್ನೂ ಪಶ್ಚಿಮ ಬಂಗಾಳದಲ್ಲಿ ಬಂಧಿಸಿತು. ಜನಸಂದಣಿಯ ಸ್ಥಳಗಳಲ್ಲಿ ಕ್ಯಾಮೆರಾಗಳಿರತಕ್ಕದ್ದೆಂಬ 2017ರ ರಾಜ್ಯಶಾಸನವು ಸ್ತುತ್ಯವೇ. ಆದರೆ ಕ್ಯಾಮೆರಾ ಸಾಕ್ಷಿಯೇ ಹೊರತು ಕಾವಲುಗಾರನಲ್ಲ. ಅನಾಥ ಚೀಲವನ್ನು ಮೊದಲು ಕಾಣುವವನು, ನನ್ನ ಮಟ್ಟಿಗೆ, ಮೇಜೊರಸುವ ಹುಡುಗನೇ (ಅವನನ್ನು ಯಾವ ಭದ್ರತಾ ಸಭೆಗೂ ಯಾರೂ ಕರೆಯರು). ಅದನ್ನು ಮುಟ್ಟದೆ, ಮಾಲೀಕರ ಅಪ್ಪಣೆಗೆ ಕಾಯದೆ, ಗಿರಾಕಿಗಳನ್ನು ಹೊರಡಿಸಿ 112ಕ್ಕೆ ಕರೆಮಾಡಬಹುದೆಂದು ಅವನಿಗೆ ಮುಂಚಿತವಾಗಿ ತಿಳಿಸಿರುವ ದರ್ಶಿನಿಗಳು ಜಯನಗರ, ಬನಶಂಕರಿಗಳಲ್ಲಿ ಎಷ್ಟಿವೆಯೋ!